ಬೀಜ ಮಸೂದೆ: 30 ಲಕ್ಷ ದಂಡಕ್ಕಿಂತ ಮೊದಲು ಸಾಕ್ಷಿ ಉಳಿಸುವ ಕಲಂ ಬೇಕು

ಇವರಿಗೆ,
ಕೇಂದ್ರ ಕೃಷಿ ಮತ್ತು ರೈತರ ಕಲ್ಯಾಣ ಸಚಿವರು, ನವದೆಹಲಿ
ಕೃಷಿ ಸಚಿವರು, ಕರ್ನಾಟಕ ಸರ್ಕಾರ, ಬೆಂಗಳೂರು
ಕರ್ನಾಟಕದ 28 ಲೋಕಸಭಾ ಸದಸ್ಯರು ಮತ್ತು 12 ರಾಜ್ಯಸಭಾ ಸದಸ್ಯರು

ಮಾನ್ಯರೇ,

2025ರ ನವೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಹೊಸ ಬೀಜ ಮಸೂದೆಯ ಕರಡನ್ನು ಜನರ ಮುಂದಿಟ್ಟು ಡಿಸೆಂಬರ್ 11ರವರೆಗೆ ಅಭಿಪ್ರಾಯ ಕೇಳಿತು. ಅಂದಿನಿಂದ ಎಲ್ಲ ಕಡೆ ಕೇಳಿಬರುತ್ತಿರುವುದು ಒಂದೇ ಮಾತು: 30 ಲಕ್ಷ ರೂಪಾಯಿವರೆಗೆ ದಂಡ, 3 ವರ್ಷದವರೆಗೆ ಸಜೆ. ದಂಡ ಹೆಚ್ಚಿಸಬೇಕು ಎಂಬುದರಲ್ಲಿ ನಮಗೆ ತಕರಾರಿಲ್ಲ. 1966ರ ಬೀಜ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮೊದಲ ಸಲ ತಪ್ಪು ಮಾಡಿದವನಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ಎರಡನೇ ಸಲ ಸಿಕ್ಕಿಬಿದ್ದರೆ 1,000 ರೂಪಾಯಿ, ಇಲ್ಲವೇ 6 ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಒಂದು ಚೀಲ ಸೋಯಾ ಬೀಜದ ಬೆಲೆಗಿಂತ ಕಡಿಮೆ ಇರುವ ಈ ದಂಡಕ್ಕೆ ಯಾರೂ ಹೆದರುವುದಿಲ್ಲ.

ಆದರೆ 500 ಇರಲಿ, 30 ಲಕ್ಷ ಇರಲಿ, ದಂಡ ಬೀಳಬೇಕಾದರೆ ಬೀಜವೇ ಕಳಪೆಯಾಗಿತ್ತು ಎಂದು ಸಾಬೀತಾಗಬೇಕು. ಈಗಿನ ವ್ಯವಸ್ಥೆಯಲ್ಲಿ ಸಾಬೀತು ಮಾಡುವ ದಾರಿಯೇ ಮುಚ್ಚಿಹೋಗುತ್ತದೆ. ಯಾರೋ ಲಂಚ ತಿಂದದ್ದರಿಂದಲೇ ಹೀಗಾಗುತ್ತದೆ ಎಂದಲ್ಲ. ಬಿತ್ತನೆಯ ಹದಕ್ಕೂ ಕಚೇರಿಯ ಕಡತಕ್ಕೂ ಹೊಂದಿಕೆಯಾಗದಿರುವುದೇ ದೊಡ್ಡ ಕಾರಣ. ಕರಡು ಕಾಯ್ದೆಯಾಗುವ ಮುನ್ನ ಈ ಒಂದು ವಿಷಯ ಸರಿಹೋಗಬೇಕು ಎಂಬುದೇ ಈ ಪತ್ರದ ಕೋರಿಕೆ.

ಬೀದರ್, ಬೆಳಗಾವಿ, ಧಾರವಾಡದ ಕಡೆ ಬಿತ್ತುವ ಸೋಯಾ ಅವರೆಯನ್ನೇ ನೋಡಿ. ಎಕರೆಗೆ 30 ಕೆ.ಜಿ.ಯ ಒಂದು ಚೀಲ. ನೂರು ಕಾಳಿನ ತೂಕ 12 ಗ್ರಾಂ ಎಂದು ಹಿಡಿದರೆ ಚೀಲದಲ್ಲಿ ಎರಡೂವರೆ ಲಕ್ಷ ಕಾಳು ಇರುತ್ತವೆ. ಕಾನೂನು ಕೇಳುವ ಕನಿಷ್ಠ ಮೊಳಕೆ ಪ್ರಮಾಣ ಶೇ 70. ಅಷ್ಟೂ ಮೊಳೆತರೆ 1.75 ಲಕ್ಷ ಸಸಿ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಎಂದರೆ ಎಕರೆಗೆ ಬೇಕಾಗುವುದು ಸುಮಾರು 1.35 ಲಕ್ಷ ಗಿಡ. ಹಕ್ಕಿ ಹೆಕ್ಕಿದ್ದು, ಹುಳು ತಿಂದದ್ದು, ಮಳೆ ಹೊಡೆತಕ್ಕೆ ಸತ್ತದ್ದು ಎಲ್ಲವೂ ಆ 40 ಸಾವಿರದೊಳಗೇ ಮುಗಿಯಬೇಕು. ಮೊಳಕೆ ಶೇ 50ಕ್ಕೆ ಇಳಿಯಿತೋ, ಸಸಿ 1.25 ಲಕ್ಷಕ್ಕೆ ನಿಲ್ಲುತ್ತದೆ. ಹಕ್ಕಿ, ಹುಳುವಿನ ಪಾಲು ಕಳೆಯುವ ಮೊದಲೇ ಕೊರತೆ ಬಿದ್ದಿರುತ್ತದೆ.

ಸೋಯಾ ಬೀಜ ಬಲು ನಾಜೂಕು. ಸಿಪ್ಪೆ ತೆಳು, ಮೊಳಕೆಯ ಭಾಗ ಸಿಪ್ಪೆಗೆ ತಾಗಿಕೊಂಡೇ ಇರುತ್ತದೆ. ಒಕ್ಕಣೆ ಯಂತ್ರದ ವೇಗ ಹೆಚ್ಚಾದರೆ, ಹಮಾಲರು ಚೀಲವನ್ನು ಲಾರಿಯಿಂದ ಎತ್ತಿ ಹಾಕಿದರೆ, ಏಳೆಂಟು ಚೀಲ ಒಂದರ ಮೇಲೊಂದು ಪೇರಿಸಿದರೆ ಹೊರಗೆ ಕಾಣದ ಬಿರುಕು ಬೀಳುತ್ತದೆ. ತೇವಾಂಶ ಶೇ 12 ದಾಟಿದ ಬೀಜ ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಗೋದಾಮಿನಲ್ಲಿ ಕೂತರೆ ಜನವರಿಯ ಪರೀಕ್ಷೆಯಲ್ಲಿ ಪಾಸಾದದ್ದು ಜೂನ್ ಹೊತ್ತಿಗೆ ಫೇಲಾಗಿರುತ್ತದೆ. ಚೀಲಕ್ಕೆ ಹಚ್ಚಿದ ಚೀಟಿಯ ಮೇಲೆ ಮಾತ್ರ ಹಳೆಯ ಅಂಕಿಯೇ ಇರುತ್ತದೆ. ಆ ಚೀಟಿಗೆ ಪರೀಕ್ಷೆಯಾದ ದಿನದಿಂದ 9 ತಿಂಗಳ ಮಾನ್ಯತೆ ಇರುವುದರಿಂದ ಕಾಗದದ ಪ್ರಕಾರ ಎಲ್ಲವೂ ಸರಿಯಾಗಿದೆ.

ಇನ್ನು ಹೊಲದಲ್ಲಿ ಏನಾಗುತ್ತದೆ? ಬಿತ್ತಿದ ಏಳೆಂಟನೇ ದಿನಕ್ಕೆ ರೈತನಿಗೆ ಗೊತ್ತಾಗುತ್ತದೆ, ಸಾಲು ತುಂಬಿಲ್ಲ ಎಂದು. ಆಗ ಅವನ ಮುಂದೆ ಇರುವುದು ಎರಡೇ ದಾರಿ: ನೆಲದಲ್ಲಿ ಹದ ಇರುವಾಗಲೇ ಹರಗಿ ಮತ್ತೆ ಬಿತ್ತುವುದು, ಇಲ್ಲವೇ ದೂರು ಕೊಟ್ಟು ಅಧಿಕಾರಿ ಬರುವವರೆಗೆ ಹೊಲವನ್ನು ಹಾಗೇ ಬಿಡುವುದು. ಹದ ಹೋದರೆ ಹಂಗಾಮೇ ಹೋಗುತ್ತದೆ. ಹಾಗಾಗಿ ಅವನು ಹರಗುತ್ತಾನೆ. ಕುಂಟೆ ಹೊಡೆದ ಆ ಗಂಟೆಯಲ್ಲೇ ಸಾಕ್ಷಿಯೂ ಮಣ್ಣಾಗುತ್ತದೆ.

1968ರ ಬೀಜ ನಿಯಮಗಳ 23ಎ ನಿಯಮ ಇಂಥ ದೂರಿಗೆಂದೇ ಇದೆ. ರೈತ ಲಿಖಿತ ದೂರು ಕೊಟ್ಟರೆ ಬೀಜ ಪರಿವೀಕ್ಷಕರು ಚೀಲ, ಚೀಟಿ ಮತ್ತು ಸಾಧ್ಯವಿದ್ದಷ್ಟು ಉಳಿದ ಬೀಜವನ್ನು ಪಡೆದು, ಅದೇ ಲಾಟಿನ (ಒಂದೇ ಗುರುತು ಸಂಖ್ಯೆಯಡಿ ಬರುವ ಬೀಜದ ರಾಶಿಯ) ಮಾದರಿಯನ್ನು ಬೀಜ ವಿಶ್ಲೇಷಕರಿಗೆ ಕಳಿಸಿ ಕಾರಣ ಹುಡುಕಬೇಕು. ಓದಲು ಚೆನ್ನಾಗಿದೆ. ಆದರೆ ಬಿತ್ತಿದವನ ಬಳಿ ಬೀಜ ಉಳಿದಿರುವುದಿಲ್ಲ. ಅಂಗಡಿಯಲ್ಲಿ ಆ ಲಾಟು ಖಾಲಿಯಾಗಿರುತ್ತದೆ. ಎಷ್ಟು ದಿನದೊಳಗೆ ಹೊಲಕ್ಕೆ ಬರಬೇಕು ಎಂಬುದು ಆ ನಿಯಮದಲ್ಲಿ ಇಲ್ಲ. ಕಾಯ್ದೆಯ 16ನೇ ಸೆಕ್ಷನ್ ವಿಶ್ಲೇಷಕರಿಗೆ ‘ಆದಷ್ಟು ಬೇಗ’ ಪರೀಕ್ಷಿಸಿ ಎನ್ನುತ್ತದೆಯೇ ಹೊರತು ದಿನ ಹೇಳುವುದಿಲ್ಲ. ಅತ್ತ 14ನೇ ಸೆಕ್ಷನ್ ಅಡಿ ಪರಿವೀಕ್ಷಕರು ಮಾರಾಟ ತಡೆಹಿಡಿಯಬಹುದಾದದ್ದು ಗರಿಷ್ಠ 30 ದಿನ. ವರದಿ ತಡವಾಯಿತೆಂದರೆ ಫಲಿತಾಂಶ ಬರುವ ಮುನ್ನವೇ ತಡೆ ತೆರವಾಗಿ, ಉಳಿದ ದಾಸ್ತಾನು ಬೇರೆ ಹೊಲಗಳಿಗೆ ಹೋಗಬಹುದು.

ಪ್ರಯೋಗಾಲಯದ ಕೆಲಸಕ್ಕೆ ನಿಜವಾಗಿ ಎಷ್ಟು ದಿನ ಬೇಕು? 400 ಕಾಳನ್ನು ನೂರರಂತೆ ನಾಲ್ಕು ಭಾಗ ಮಾಡಿ ಮೊಳಕೆಗಿಟ್ಟರೆ ಮೆಕ್ಕೆಜೋಳಕ್ಕೆ ಕೊನೆಯ ಎಣಿಕೆ 7ನೇ ದಿನ, ಸೋಯಾ ಮತ್ತು ರಾಗಿಗೆ 8ನೇ ದಿನ, ಶೇಂಗಾಕ್ಕೆ 10ನೇ ದಿನ, ಭತ್ತ ಮತ್ತು ಮೆಣಸಿನಕಾಯಿಗೆ 14ನೇ ದಿನ. ಉಳಿದ ದಿನಗಳೆಲ್ಲ ಅಂಚೆ, ಸರದಿ, ಸಹಿಗೆ ಹೋಗುವಂಥವು. ಆದ್ದರಿಂದ ಹೊಸ ಕಾಯ್ದೆಯಲ್ಲಿ ಎಲ್ಲ ಬೆಳೆಗೂ ಒಂದೇ ಗಡುವು ಹಾಕುವ ಬದಲು ‘ಆಯಾ ಬೆಳೆಯ ಪರೀಕ್ಷಾ ಅವಧಿ ಮತ್ತು 7 ದಿನ’ ಎಂದು ಬರೆಯಿರಿ. ಸೋಯಾ ವರದಿ 15 ದಿನಕ್ಕೆ, ಭತ್ತದ್ದು 21 ದಿನಕ್ಕೆ ಕೈಗೆ ಬರಬೇಕು. ಮಾರಾಟದ ತಡೆಯೂ ವರದಿ ಬರುವವರೆಗೆ ಮುಂದುವರಿಯಬೇಕು. ವರದಿ ಗಡುವು ಮೀರಿದರೆ ಅದರ ಹೊಣೆ ಇಲಾಖೆಯದು, ಅಂಗಡಿಯವನದೂ ಅಲ್ಲ, ರೈತನದೂ ಅಲ್ಲ ಎಂಬುದನ್ನೂ ಅಲ್ಲೇ ಹೇಳಬೇಕು.

ಹೊಲದ ತನಿಖೆ 48 ಗಂಟೆಯೊಳಗೆ ಆಗಬೇಕು. ಈ ಗಡುವು ಏಕೆಂದರೆ, ನೋಡಬೇಕಾದದ್ದು ಮಣ್ಣಿನ ಕೆಳಗಿದೆ ಮತ್ತು ಅದು ಬೇಗ ಕೊಳೆಯುತ್ತದೆ. ಸಾಲನ್ನು ಬೆರಳಿನಿಂದ ಕೆದಕಿ ಕಾಳು ಹೊರತೆಗೆದರೆ ಕಾರಣದ ಅರ್ಧ ಕಣ್ಣಿಗೇ ಕಾಣುತ್ತದೆ. ಕಾಳು ಗಟ್ಟಿಯಾಗಿ ಹಾಗೇ ಕೂತಿದ್ದರೆ ನೆಲದಲ್ಲಿ ತೇವ ಸಾಲದೆ ಹೋಗಿದೆ. ಬೇರು ಬಿಟ್ಟು, ಸಸಿ ಮಡಿಸಿಕೊಂಡು ಹೆಪ್ಪುಗಟ್ಟಿದ ಮಣ್ಣಿನಡಿ ಸಿಕ್ಕಿಹಾಕಿಕೊಂಡಿದ್ದರೆ ಬಿತ್ತಿದ ಮೇಲೆ ಬಿದ್ದ ಜಡಿಮಳೆ ಕಾರಣ, ಇಲ್ಲವೇ ಬಿತ್ತನೆಯೇ ಆಳವಾಗಿದೆ. ಬೇಳೆ ಸೀಳಿ ಮೊಳಕೆ ಮುರಿದಿದ್ದರೆ ಒಕ್ಕಣೆ, ಸಾಗಣೆಯ ಪೆಟ್ಟು. ನೀರು ನಿಲ್ಲದ ಹೊಲದಲ್ಲೂ ಕಾಳು ಉಬ್ಬಿ, ಬೇರು ಬಿಡದೆ ಲೋಳೆಯಾಗಿದ್ದರೆ ಬೀಜ ಮೊದಲೇ ಸತ್ತಿತ್ತು ಎಂಬ ಅನುಮಾನ ಬಲವಾಗುತ್ತದೆ. ಅದೇ ಲಾಟನ್ನು ಬೇರೆ ಹೊಲದಲ್ಲಿ ಬಿತ್ತಿದವರದೂ ಹೀಗೇ ಆಗಿದೆಯೇ, ಅದೇ ದಿನ ಪಕ್ಕದ ಹೊಲದಲ್ಲಿ ಬೇರೆ ಲಾಟು ಬಿತ್ತಿದವರದು ಹೇಗಿದೆ ಎಂದು ನೋಡಿದರೆ ಅನುಮಾನ ಹೋಗಿ ತೀರ್ಮಾನ ಬರುತ್ತದೆ. ಹೊಲದ ಹತ್ತು ಕಡೆ 1 ಮೀಟರ್ ಸಾಲಿನ ಸಸಿ ಎಣಿಸಿದರೆ, ಇರಬೇಕಾದ ಹತ್ತರಲ್ಲಿ ಎಷ್ಟಿವೆ ಎಂಬ ಲೆಕ್ಕವೂ ಸಿಗುತ್ತದೆ. ಇಷ್ಟಕ್ಕೆ ಒಂದು ಎಕರೆಗೆ ಒಂದು ತಾಸು ಸಾಕು. ಎರಡು ವಾರ ಬಿಟ್ಟು ಬಂದರೆ ಇದರಲ್ಲಿ ಒಂದೂ ಉಳಿದಿರುವುದಿಲ್ಲ. ಆಮೇಲೆ ಕಂಪನಿಯವರು ಮಳೆಯನ್ನು ದೂರುತ್ತಾರೆ, ರೈತ ಬೀಜವನ್ನು ದೂರುತ್ತಾನೆ, ಇಬ್ಬರ ಕೈಯಲ್ಲೂ ಪುರಾವೆ ಇರುವುದಿಲ್ಲ.

48 ಗಂಟೆಯಲ್ಲಿ ಅಧಿಕಾರಿ ಬರದಿದ್ದರೆ? ಆಗ ದಿನಾಂಕ ಮತ್ತು ಸ್ಥಳ ದಾಖಲಾದ ಫೋಟೋಗಳು, ಇಬ್ಬರು ನೆರೆಹೊರೆಯ ರೈತರ ಸಹಿ ಇರುವ ಪಂಚನಾಮೆ, ಬಿಲ್ ಮತ್ತು ಚೀಟಿ, ಇವಿಷ್ಟನ್ನೇ ಸಾಕ್ಷಿಯೆಂದು ಒಪ್ಪಬೇಕು. ಹಾಗೆ ದಾಖಲಿಸಿದ ರೈತ ಹೊಲ ಹರಗಿದರೂ ಅವನ ದೂರು ಬೀಳಬಾರದು. ಇದು ಕಾಯ್ದೆಯಲ್ಲೇ ಇರಬೇಕು. ಸುತ್ತೋಲೆಯಲ್ಲಿದ್ದರೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಬೀಜ ಉಳಿಯುವುದಿಲ್ಲ ಎಂಬ ಸಮಸ್ಯೆಗೂ ಹೊಸದಾಗಿ ಏನೂ ಕಂಡುಹಿಡಿಯಬೇಕಾಗಿಲ್ಲ. ಮಾರಾಟವಾದ ಪ್ರತಿ ಲಾಟಿನ ದಾಖಲೆಯನ್ನು 3 ವರ್ಷ, ಬೀಜದ ಮಾದರಿಯನ್ನು ಇಡೀ ಲಾಟು ಖರ್ಚಾದ ಮೇಲೂ 1 ವರ್ಷ ಇಟ್ಟುಕೊಳ್ಳಬೇಕು ಎಂದು 1968ರ ನಿಯಮಗಳೇ ಹೇಳುತ್ತವೆ. ಆದರೆ ಆ ಮಾದರಿ ಇರುವುದು ಆರೋಪ ಯಾರ ಮೇಲೆ ಬರಬಹುದೋ ಅವರ ಕೈಯಲ್ಲೇ. ಅದನ್ನು ಅಲ್ಲಿಂದ ತೆಗೆದು ಸರ್ಕಾರದ ಸುಪರ್ದಿಗೆ ತನ್ನಿ. ಒಂದು ಲಾಟು ತಾಲ್ಲೂಕಿಗೆ ಬಂದ ದಿನ, ಮಾರಾಟ ಶುರುವಾಗುವ ಮುನ್ನ, ಪರಿವೀಕ್ಷಕರು ಮತ್ತು ಮಾರಾಟಗಾರರು ಸೇರಿ ಮೊಹರು ಮಾಡಿದ ಎರಡು ಪೊಟ್ಟಣ ತೆಗೆಯಲಿ: ಒಂದು ರೈತ ಸಂಪರ್ಕ ಕೇಂದ್ರದಲ್ಲಿ, ಇನ್ನೊಂದು ಜಿಲ್ಲೆಯಲ್ಲಿ. ಸೋಯಾದ 400 ಕಾಳಿಗೆ 50 ಗ್ರಾಂ ಸಾಕು, ಅರ್ಧ ಕೆ.ಜಿ. ತೆಗೆದಿಟ್ಟರೆ ಮರುಪರೀಕ್ಷೆಗೂ ಆಗುತ್ತದೆ. ಆದರೆ ಬಿಸಿಲು ಬೀಳುವ ಕಿಟಕಿಯ ಪಕ್ಕದ ಕಪಾಟಿನಲ್ಲಿ ಇಟ್ಟರೆ ಪ್ರಯೋಜನವಿಲ್ಲ. ತೇವ ಒಳಹೋಗದ ಚೀಲದಲ್ಲಿ ಹಾಕಿ ತಂಪಾದ ಕಡೆ ಇಡಬೇಕು; ಇಲ್ಲದಿದ್ದರೆ ಮಾದರಿಯೇ ಸತ್ತು ಒಳ್ಳೆಯ ಕಂಪನಿಗೆ ಅನ್ಯಾಯವಾಗುತ್ತದೆ. ಮೊದಲ ವರದಿ ಒಪ್ಪದವರಿಗೆ ವಾರಾಣಸಿಯ ಕೇಂದ್ರ ಬೀಜ ಪರೀಕ್ಷಾ ಪ್ರಯೋಗಾಲಯದ ದಾರಿ ಈಗಾಗಲೇ ಇದೆ. ಅದಕ್ಕೆ 1 ತಿಂಗಳ ಗಡುವೂ ಇದೆ. ಆದರೆ ಈಗ ಅದು ಮೊಕದ್ದಮೆ ಹೂಡಿದ ಮೇಲಷ್ಟೇ ತೆರೆಯುವ ದಾರಿ. ದೂರಿನ ಹಂತದಲ್ಲೇ ತೆರೆಯಿರಿ.

ಇದುವರೆಗೆ ಹೇಳಿದ್ದು ಮೊಳಕೆಯ ಮಾತು. ಬೆರಕೆ ಬೀಜದ ಮೋಸ ಇನ್ನೂ ಕಠಿಣ, ಏಕೆಂದರೆ ಅದು ಮೊಳಕೆ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗುತ್ತದೆ. ಮೆಣಸಿನಕಾಯಿ, ಟೊಮೆಟೊ ಹೈಬ್ರಿಡ್‌ನಲ್ಲಿ ಗಿಡ ಸೊಂಪಾಗಿ ಬೆಳೆದು, ಕಾಯಿ ಕಟ್ಟುವ ಹೊತ್ತಿಗೆ ಬೇರೆ ಬೇರೆ ಆಕಾರ, ಬಣ್ಣ ಕಾಣಿಸುತ್ತದೆ. ಅಷ್ಟರಲ್ಲಿ ಗೊಬ್ಬರ, ಔಷಧಿ, ಕೂಲಿ ಎಲ್ಲವೂ ಖರ್ಚಾಗಿರುತ್ತದೆ. ಅನುವಂಶಿಕ ಶುದ್ಧತೆ ತಿಳಿಯಲು ಹೊಲದಲ್ಲಿ ಬೆಳೆದು ನೋಡುವ ಪರೀಕ್ಷೆಗೆ ಒಂದು ಹಂಗಾಮು ಬೇಕು. ಡಿಎನ್‌ಎ ಗುರುತು ಬಳಸಿದರೆ ಕೆಲವೇ ದಿನ ಸಾಕು. ಆದರೆ ಹೋಲಿಸಿ ನೋಡಲು ಅಸಲಿ ತಳಿಯ ಮಾದರಿ ಸರ್ಕಾರದ ಬಳಿ ಇರಬೇಕು. ಖಾಸಗಿ ಹೈಬ್ರಿಡ್‌ಗಳಲ್ಲಿ ಎಷ್ಟೋ ಅಧಿಸೂಚಿತ (ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ) ತಳಿಗಳಲ್ಲ, 1966ರ ಕಾಯ್ದೆಯ 7ನೇ ಸೆಕ್ಷನ್ನಿನ ಬಿಗಿ ಅಧಿಸೂಚಿತ ತಳಿಗಳಿಗೆ ಮಾತ್ರ. ಕರಡು ಎಲ್ಲ ಮಾರಾಟದ ತಳಿಗಳಿಗೂ ನೋಂದಣಿ ಕಡ್ಡಾಯ ಮಾಡಹೊರಟಿರುವುದು ಈ ಕಿಂಡಿ ಮುಚ್ಚುತ್ತದೆ. ನಾವು ಅದನ್ನು ಮನಸಾರೆ ಬೆಂಬಲಿಸುತ್ತೇವೆ. ನೋಂದಣಿಯ ಹೊತ್ತಿಗೇ ತಳಿಯ ಬೀಜದ ಮಾದರಿ ಮತ್ತು ಡಿಎನ್‌ಎ ಗುರುತು ಠೇವಣಿ ಇಡಿಸಿಕೊಳ್ಳಿ. ಜತೆಗೆ ನೋಂದಣಿ ವಲಯವಾರು ಇರಲಿ. ಕರ್ನಾಟಕದಲ್ಲಿ 10 ಕೃಷಿ ಹವಾಮಾನ ವಲಯಗಳಿವೆ. ಬಯಲುಸೀಮೆಯ ಒಣ ಹೊಲಕ್ಕೆ ಒಗ್ಗುವುದು ಮಲೆನಾಡಿನ ಅಂಚಿನಲ್ಲಿ ರೋಗಕ್ಕೆ ತುತ್ತಾಗಬಹುದು. ಯಾವ ವಲಯ, ಯಾವ ಹಂಗಾಮು, ಮಳೆಯಾಶ್ರಿತವೋ ನೀರಾವರಿಯೋ ಎಂಬುದು ಚೀಲದ ಮೇಲೆ ಕನ್ನಡದಲ್ಲಿ, ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು.

ಕ್ಯೂಆರ್ ಕೋಡ್ ಬಗ್ಗೆ ಬಹಳ ಭರವಸೆ ಕೇಳಿಬರುತ್ತಿದೆ. 2023ರ ಏಪ್ರಿಲ್‌ನಲ್ಲಿ ಶುರುವಾದ ಸಾಥಿ ಜಾಲತಾಣದ ಮೂಲಕ ಚೀಲ ಎಲ್ಲಿಂದ ಬಂತು ಎಂದು ತಿಳಿಯುವುದು ನಕಲಿ ಚೀಲ ಹಿಡಿಯಲು ಒಳ್ಳೆಯ ಸಾಧನ. ಆದರೆ ಚೀಲ ಮೇ ತಿಂಗಳನ್ನು ಎಲ್ಲಿ ಕಳೆಯಿತು ಎಂದು ಕೋಡ್ ಹೇಳುವುದಿಲ್ಲ. ಅಸಲಿ ಕಂಪನಿಯ ಅಸಲಿ ಚೀಲದಲ್ಲೂ ಸತ್ತ ಬೀಜ ಇರಬಹುದು. ಹಾಗಾಗಿ ಸೋಯಾ, ಶೇಂಗಾ, ಈರುಳ್ಳಿಯಂಥ ಬೇಗ ಕೆಡುವ ಬೀಜಕ್ಕೆ, ಗೋದಾಮಿನಿಂದ ಮಾದರಿ ತೆಗೆದು ಬಿತ್ತನೆಗೆ ಮುಂಚಿನ 30 ದಿನದೊಳಗೆ ಮರುಪರೀಕ್ಷೆ ಕಡ್ಡಾಯವಾಗಲಿ; ಆ ಫಲಿತಾಂಶವೇ ಕೋಡ್ ಸ್ಕ್ಯಾನ್ ಮಾಡಿದಾಗ ಮೊಬೈಲಿನಲ್ಲಿ ಮೊದಲು ಕಾಣಲಿ. ಇಷ್ಟಾದರೆ ಗೊಬ್ಬರದಂಗಡಿಯ ಸಣ್ಣ ವ್ಯಾಪಾರಿಗೂ ರಕ್ಷಣೆ. ಮೊಹರು ಒಡೆಯದ ಚೀಲ ಮಾರಿದವನನ್ನೂ ಬೀಜ ಬೆರಕೆ ಮಾಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ತಪ್ಪುಗಳನ್ನು ಸಣ್ಣದು, ದೊಡ್ಡದು ಎಂದು ಕರಡು ವಿಂಗಡಿಸಿರುವುದು ಸರಿಯಾಗಿದೆ. ಶೇಖರಣೆಯ ತಪ್ಪು ಯಾರದು ಎಂದು ತಿಳಿಯಲು ಮರುಪರೀಕ್ಷೆಯ ದಾಖಲೆ ಇಲ್ಲದೆ ಆ ವಿಂಗಡಣೆ ನಡೆಯದು.

ಪರಿಹಾರದ ವಿಷಯಕ್ಕೆ ಬರೋಣ. ದಂಡ ಎಷ್ಟೇ ಇದ್ದರೂ ಅದು ಖಜಾನೆಗೆ ಹೋಗುತ್ತದೆ. ದಂಡದ ಬಗ್ಗೆ ಅಷ್ಟು ವಿವರವಾಗಿ ಹೇಳುವ ಕರಡು, ರೈತನ ಕೈಗೆ ಹಣ ಹೇಗೆ, ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ಅಷ್ಟೇ ಸ್ಪಷ್ಟವಾಗಿ ಹೇಳಿಲ್ಲ. ಇರುವ ದಾರಿಗಳಲ್ಲಿ ಒಂದು, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39(2)ನೇ ಸೆಕ್ಷನ್. ತಳಿ ಹೇಳಿದಷ್ಟು ಫಲ ಕೊಡದಿದ್ದರೆ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು; ಆದರೆ ಅದು ಆ ಕಾಯ್ದೆಯಡಿ ನೋಂದಾಯಿತ ತಳಿಗೆ ಮಾತ್ರ. ಇನ್ನೊಂದು ಗ್ರಾಹಕರ ಆಯೋಗ. ಬೀಜ ಕೊಂಡ ರೈತನೂ ಗ್ರಾಹಕನೇ, ಬೀಜ ಕಾಯ್ದೆ ಇದೆ ಎಂಬ ಕಾರಣಕ್ಕೆ ಆ ಬಾಗಿಲು ಮುಚ್ಚುವುದಿಲ್ಲ, ಬಿತ್ತಿದ ರೈತ ಪರೀಕ್ಷೆಗೆಂದು ಬೀಜ ಉಳಿಸಿಟ್ಟಿರಬೇಕು ಎಂದು ನಿರೀಕ್ಷಿಸಲಾಗದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ಕೊಂಡ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ದೂರಿಗೆ 2 ವರ್ಷ ಅವಕಾಶ. ಸುಪ್ರೀಂ ಕೋರ್ಟಿನ ಆ ಮೂರೂ ತೀರ್ಮಾನಗಳನ್ನು ಹೊಸ ಕಾಯ್ದೆಯ ಕಲಂ ಆಗಿಸಿ. ಮೇಲ್ಮನವಿಗಳಲ್ಲಿ ವರ್ಷಗಟ್ಟಲೆ ಅಲೆಯದಿರಲು ಜಿಲ್ಲೆಯಲ್ಲೇ ಒಂದು ಸಮಿತಿ ಇರಲಿ: ಜಂಟಿ ಕೃಷಿ ನಿರ್ದೇಶಕರು, ಕೃಷಿ ವಿಶ್ವವಿದ್ಯಾಲಯ ಅಥವಾ ಕೃಷಿ ವಿಜ್ಞಾನ ಕೇಂದ್ರದ ಬೀಜ ವಿಜ್ಞಾನಿ, ಬೀಜ ಪ್ರಮಾಣನ ಸಂಸ್ಥೆಯ ಅಧಿಕಾರಿ, ಇಬ್ಬರು ರೈತರು. ಬೀಜ ಕಳಪೆ ಎಂದು ವರದಿ ಬಂದ 30 ದಿನದೊಳಗೆ ಬೀಜದ ಬೆಲೆ ಮತ್ತು ಮರುಬಿತ್ತನೆಯ ಖರ್ಚು ಕಂಪನಿ ಕೊಡಲಿ. ಇಳುವರಿ ನಷ್ಟದ ಲೆಕ್ಕ ಕೊಯ್ಲಿನ ನಂತರ, ಹೋಬಳಿಯ ಸರಾಸರಿ ಇಳುವರಿಗೆ ಹೋಲಿಸಿ ಆಗಲಿ. ಕಂಪನಿ ಮೇಲ್ಮನವಿ ಹೋಗಲಿ, ಆದರೆ ಮೊದಲ ಕಂತು ಕೊಟ್ಟು ಹೋಗಲಿ.

ರೈತರ ಸ್ವಂತ ಬೀಜಕ್ಕೆ ಕರಡು ವಿನಾಯಿತಿ ಕೊಟ್ಟಿದೆ. ಅದರ ಮಾತುಗಳನ್ನು ಇನ್ನಷ್ಟು ಬಿಗಿ ಮಾಡಬೇಕು. 1966ರ ಕಾಯ್ದೆಯ 24ನೇ ಸೆಕ್ಷನ್ ಬೆಳೆದವನು ‘ತನ್ನ ಸ್ವಂತ ಜಾಗದಲ್ಲಿ’ ನೇರವಾಗಿ ಮಾರಿದರೆ ಮಾತ್ರ ವಿನಾಯಿತಿ ಎನ್ನುತ್ತದೆ. ಸಂತೆಗೆ ಒಯ್ದರೆ ಏನು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. 2001ರ ಕಾಯ್ದೆ ಇನ್ನೂ ಉದಾರ: ಉಳಿಸಿಕೊಳ್ಳಲು, ವಿನಿಮಯಕ್ಕೆ, ಮಾರಲು ರೈತನಿಗೆ ಹಕ್ಕಿದೆ, ಬ್ರಾಂಡ್ ಹಾಕುವಂತಿಲ್ಲ ಅಷ್ಟೆ. ಬ್ರಾಂಡ್ ಎಂದರೆ ಆ ಕಾಯ್ದೆಯಡಿ ರಕ್ಷಿತ ತಳಿ ಎಂದು ಚೀಟಿ ಹಚ್ಚಿದ್ದು ಎಂದೂ ಅಲ್ಲಿ ವಿವರಿಸಲಾಗಿದೆ. ಇದೇ ವಿವರಣೆ ಹೊಸ ಕಾಯ್ದೆಗೂ ಅಕ್ಷರಶಃ ಬರಲಿ. ರಾಜಮುಡಿ, ರತ್ನಚೂಡಿ ಭತ್ತವನ್ನೋ ಊರಿನ ರಾಗಿಯನ್ನೋ ಚೀಲಕ್ಕೆ ತುಂಬಿ ತಳಿಯ ಹೆಸರು ಬರೆದು ಬೀಜಮೇಳದಲ್ಲಿ ಮಾರುವ ಮಹಿಳಾ ಸಂಘ, ಸಮುದಾಯ ಬೀಜ ಬ್ಯಾಂಕ್, ರೈತ ಗುಂಪುಗಳು ಕಂಪನಿಗಳ ಸಾಲಿಗೆ ಸೇರಬಾರದು. ಒಬ್ಬ ರೈತನಿಗೆ ಇರುವ ವಿನಾಯಿತಿ ಹತ್ತು ರೈತರು ಕೂಡಿದಾಗ ಇಲ್ಲವಾಗುವುದು ಯಾವ ನ್ಯಾಯ?

ಕೊನೆಯದಾಗಿ, ಈ ಚರ್ಚೆಯಲ್ಲಿ ಅಪರೂಪಕ್ಕೆ ಕೇಳಿಬರುವ ಜನ: ರಾಣೆಬೆನ್ನೂರು, ಹಿರೇಕೆರೂರು, ಕುಷ್ಟಗಿ ಕಡೆ ಕಂಪನಿಗಳಿಗೆ ಹೈಬ್ರಿಡ್ ಬೀಜ ಬೆಳೆದುಕೊಡುವ ರೈತರು. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಕೇಸರ ತೆಗೆದು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸುವ ಕೆಲಸ. ಕೇಸರ ತೆಗೆಯದೆ ಉಳಿದ ಹೂವು ತಾನೇ ಕಾಯಿ ಕಟ್ಟಿದರೆ, ಅದನ್ನು ಕಿತ್ತು ಹಾಕದಿದ್ದರೆ ಆ ಬೀಜ ಬೆರಕೆ. ಶುದ್ಧತೆ ಕಡಿಮೆ ಎಂದು ಕಂಪನಿ ಲಾಟನ್ನು ತಿರಸ್ಕರಿಸಿದರೆ ರೈತನಿಗೆ ದುಡ್ಡಿಲ್ಲ, ಆ ಬೀಜವನ್ನು ಬೇರೆ ಕಡೆ ಮಾರುವಂತೆಯೂ ಇಲ್ಲ. ಪರೀಕ್ಷೆ ಮಾಡುವವರು ಕಂಪನಿಯವರೇ. ಬೀಜ ಒಪ್ಪಿಸುವಾಗಲೇ ಮೂರು ಮಾದರಿ ತೆಗೆದು ಇಬ್ಬರೂ ಮೊಹರು ಹಾಕಿ, ಒಂದನ್ನು ರೈತನಿಗೂ ಇನ್ನೊಂದನ್ನು ಬೀಜ ಪ್ರಮಾಣನ ಸಂಸ್ಥೆಗೂ ಕೊಡಬೇಕು. ಕರಾರು ಕನ್ನಡದಲ್ಲಿರಬೇಕು, ಅದರಲ್ಲಿ ಹಣ ಕೊಡುವ ದಿನ ಇರಬೇಕು, ಹೆಣ್ಣು ಸಾಲಿನ ಮೂಲ ಬೀಜವೇ ಬೆರಕೆಯಾಗಿದ್ದರೆ ಅದರ ಹೊಣೆ ಕಂಪನಿಯದು ಎಂದು ಬರೆದಿರಬೇಕು. ಕಂಪನಿಯ ನೋಂದಣಿಗೆ ಇವೇ ಷರತ್ತಾಗಲಿ.

ರಾಜ್ಯದ ಕೃಷಿ ಸಚಿವರಲ್ಲಿ ಒಂದು ಪ್ರತ್ಯೇಕ ವಿನಂತಿ. ಇವುಗಳಲ್ಲಿ ಹಲವಕ್ಕೆ ದೆಹಲಿಯ ಮಸೂದೆಗೆ ಕಾಯಬೇಕಾಗಿಲ್ಲ. ಲಾಟಿನ ಮಾದರಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಇಡುವುದು, 23ಎ ದೂರಿಗೆ 48 ಗಂಟೆಯ ತನಿಖೆ, ತನಿಖಾ ನಮೂನೆಯಲ್ಲಿ ಕಾಳು ಕೆದಕಿ ನೋಡಿದ ವಿವರಕ್ಕೆ ಒಂದು ಅಂಕಣ, ದೂರಿನ ಸ್ವೀಕೃತಿ ಪತ್ರ, ಇವೆಲ್ಲ ಇಲಾಖೆಯ ಆದೇಶದಿಂದಲೇ ಶುರುವಾಗಬಹುದು. ಬೀಜ ಪರಿವೀಕ್ಷಕರೆಂದು ಹೆಸರಿರುವ ಕೃಷಿ ಅಧಿಕಾರಿಗಳ ಮೇಲೆ ಬಿತ್ತನೆ ಕಾಲದಲ್ಲಿ ವಿಮೆ, ಸಮೀಕ್ಷೆ, ಸಬ್ಸಿಡಿ ವಿತರಣೆ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಪ್ರತಿ ತಾಲ್ಲೂಕಿನಲ್ಲಿ ಒಬ್ಬರಿಗಾದರೂ ಬೀಜದ ಕೆಲಸ ಬಿಟ್ಟು ಬೇರೆ ಹೊಣೆ ಕೊಡದಂತೆ ಆದೇಶಿಸಿ, ಅವರ ಮೊಬೈಲ್ ಸಂಖ್ಯೆಯನ್ನು ಪ್ರತಿ ಬೀಜದಂಗಡಿಯ ದರಪಟ್ಟಿಯ ಪಕ್ಕ ಹಚ್ಚಿಸಿ. ಮುಂದಿನ ಮುಂಗಾರಿನ ಬೀಜ ಅಂಗಡಿಗೆ ಬರುವ ಮೊದಲೇ ಈ ಆದೇಶ ಹೊರಬೀಳಲಿ.

ಇಂತಿ,
ಬೀಜ ಪರೀಕ್ಷೆ, ಬೀಜೋತ್ಪಾದನೆ ಮತ್ತು ಬೇಸಾಯದಲ್ಲಿ ತೊಡಗಿರುವವರು